ಹಳೇ ಟೊಯೋಟಾ ಎಟಿಯೋಸ್: ಎಂಜಿನ್ ಎಂಥದ್ದು, ಎಷ್ಟು ವರ್ಷ ಬಾಳಿಕೆ ಬರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎಟಿಯೋಸ್ ನಮ್ಮ ಮೈಸೂರು ರಸ್ತೆಯ ಬಿಡದಿಯಲ್ಲೇ ತಯಾರಾದ ಗಾಡಿ. 2010ರ ಡಿಸೆಂಬರ್‌ನಲ್ಲಿ ಬಂತು. 2020ರಲ್ಲಿ ಹೊಗೆ ಮಾಲಿನ್ಯದ ಬಿಎಸ್6 ನಿಯಮ ಬರುವ ಹೊತ್ತಿಗೆ ನಿಂತುಹೋಯಿತು. ಈಗ ಬೇಕೆಂದರೆ ಸೆಕೆಂಡ್ ಹ್ಯಾಂಡೇ ಗತಿ. ಮೈಸೂರು, ಮಂಡ್ಯ ಕಡೆ ಹಳೇ ಸೆಡಾನ್ ಹುಡುಕುವವರ ಬಾಯಲ್ಲಿ ಇದರ ಹೆಸರು ಬಂದೇ ಬರುತ್ತದೆ, ಕೇಳುವ ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ.

ಇದರಲ್ಲಿ ಯಾವ ಯಾವ ಎಂಜಿನ್ ಇವೆ?

ಎರಡು. ಪೆಟ್ರೋಲ್ ಗಾಡಿಯಲ್ಲಿ 2ಎನ್‌ಆರ್-ಎಫ್‌ಇ ಅನ್ನುವ 1496 ಸಿಸಿ ಎಂಜಿನ್. ನಾಲ್ಕು ಸಿಲಿಂಡರ್, 16 ವಾಲ್ವ್. 5600 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) 90 ಪಿಎಸ್ (ಅಶ್ವಶಕ್ತಿ) ಪವರ್, 3000 ಆರ್‌ಪಿಎಂನಲ್ಲಿ 132 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ. ಗಾಡಿಯ ತೂಕ ಒಂದು ಟನ್‌ಗಿಂತ ಕಡಿಮೆ. ಹಾಗಾಗಿ ಕಾಗದದ ಮೇಲೆ 90 ಸಾಧಾರಣ ಅನಿಸಿದರೂ ರಸ್ತೆಯಲ್ಲಿ ಚುರುಕಾಗಿಯೇ ಇದೆ.

ಡೀಸೆಲ್ 2011ರಲ್ಲಿ ಬಂತು. ಎಂಜಿನ್ 1ಎನ್‌ಡಿ-ಟಿವಿ, 1364 ಸಿಸಿ, 8 ವಾಲ್ವ್, ಟರ್ಬೋ. ಪವರ್ ಬರೀ 68 ಪಿಎಸ್, ಆದರೆ ಟಾರ್ಕ್ 170 ಎನ್‌ಎಂ. ಅದೂ 1800ರಿಂದ 2400 ಆರ್‌ಪಿಎಂ ಒಳಗೇ ಪೂರ್ತಿ ಸಿಗುತ್ತದೆ. ಎರಡಕ್ಕೂ 5 ಸ್ಪೀಡ್ ಮ್ಯಾನ್ಯುಯಲ್ ಗೇರ್ ಬಾಕ್ಸ್, 45 ಲೀಟರ್ ಟ್ಯಾಂಕ್. ಹೆಸರು ಒಂದೇ ಥರ ಇರುವ ಎಟಿಯೋಸ್ ಲಿವಾ ಹ್ಯಾಚ್‌ಬ್ಯಾಕ್‌ನ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ ಬೇರೆ, ಅದು 1.2 ಲೀಟರ್. ಸ್ಪೇರ್ ಪಾರ್ಟ್ಸ್ ತರುವಾಗ ಇದು ನೆನಪಿರಲಿ. ಅಂಗಡಿಯಲ್ಲಿ ಸುಮ್ನೆ "ಎಟಿಯೋಸ್‌ದು ಕೊಡಿ" ಅಂದರೆ ಯಾವುದಾದರೂ ಕೊಟ್ಟು ಕಳಿಸಿಬಿಡುತ್ತಾರೆ.

68 ಪಿಎಸ್ ಅಂದರೆ ತೀರಾ ಕಮ್ಮಿ ಅಲ್ವಾ?

ಕಮ್ಮಿಯೇ. ಆದರೆ ಈ ಗಾಡಿಯ ಆಯಸ್ಸಿನ ಗುಟ್ಟೂ ಅಲ್ಲೇ ಇದೆ. ಇದೇ 1364 ಸಿಸಿ ಎಂಜಿನ್ನನ್ನು ಟೊಯೋಟಾ ತನ್ನ ಕೊರೊಲಾ ಆಲ್ಟಿಸ್ ಡೀಸೆಲ್‌ನಲ್ಲೂ ಹಾಕಿತ್ತು. ಅಲ್ಲಿ ಬೇರೆ ಟರ್ಬೋ, ಇಂಟರ್‌ಕೂಲರ್ ಎಲ್ಲ ಸೇರಿಸಿ 88 ಪಿಎಸ್ ತೆಗೆದಿದ್ದರು. ಎಟಿಯೋಸ್‌ಗೆ ಬಂದಾಗ ಸರಳ ಟರ್ಬೋ ಕೊಟ್ಟು 68ಕ್ಕೇ ನಿಲ್ಲಿಸಿದರು. ಅಂದರೆ ಇನ್ನೂ ಜಾಸ್ತಿ ಎಳೆಯಬಲ್ಲ ಎಂಜಿನ್ನಿಂದ ಹಗುರ ಕೆಲಸ ಮಾಡಿಸುತ್ತಿದ್ದಾರೆ. ಪಿಸ್ಟನ್, ಬೇರಿಂಗ್, ಟರ್ಬೋ, ಯಾವುದಕ್ಕೂ ಉಸಿರು ಕಟ್ಟುವ ಒತ್ತಡ ಬೀಳುವುದಿಲ್ಲ.

ಓವರ್‌ಟೇಕ್ ಮಾಡುವಾಗ ಮಾತ್ರ ಲೆಕ್ಕಾಚಾರ ಬೇಕು. 1800ರ ಕೆಳಗೆ ಟರ್ಬೋ ಇನ್ನೂ ಎದ್ದಿರುವುದಿಲ್ಲ. ಮೇಲುಕೋಟೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡು, ನಾಲ್ಕನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದರೆ ಗಾಡಿ ಯೋಚನೆ ಮಾಡುತ್ತಾ ನಿಲ್ಲುತ್ತದೆ. ಮೂರಕ್ಕೆ ಇಳಿಸಿ ಹೊರಡಿ.

ಪೆಟ್ರೋಲ್ ತಗೊಳ್ಳಲಾ, ಡೀಸೆಲ್ ತಗೊಳ್ಳಲಾ?

ಸರಸ್ವತಿಪುರಂನಿಂದ ದೇವರಾಜ ಮಾರುಕಟ್ಟೆ, ಅಲ್ಲಿಂದ ಮಕ್ಕಳ ಸ್ಕೂಲು, ಭಾನುವಾರ ಒಮ್ಮೆ ನಂಜನಗೂಡು. ನಿಮ್ಮ ಓಡಾಟ ಇಷ್ಟೇ ಆದರೆ ಪೆಟ್ರೋಲ್. ಎರಡನೇ ಮಾತೇ ಬೇಡ. ಎರಡು ಮೂರು ಕಿಲೋಮೀಟರ್ ಓಡಿಸಿ ಆಫ್ ಮಾಡಿದರೆ ಡೀಸೆಲ್ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್‌ನಲ್ಲಿ, ಗಾಳಿ ಒಳಹೋಗುವ ಇಂಟೇಕ್‌ನಲ್ಲಿ ಮಸಿ ಕಟ್ಟುತ್ತಾ ಹೋಗುತ್ತದೆ. ಪಿಕಪ್ ಬಿದ್ದಮೇಲೆ ಗ್ಯಾರೇಜಿಗೆ ಓಡಬೇಕು.

ದಿನಾ ಮಂಡ್ಯದಿಂದ ಮೈಸೂರಿಗೋ ಬೆಂಗಳೂರಿಗೋ ಹೋಗಿಬರುವವರಿಗೆ ಡೀಸೆಲ್ ಇಂದಿಗೂ ಲಾಭ. ಇನ್ನೊಂದು ಅನುಕೂಲ, ಬಿಎಸ್6 ಡೀಸೆಲ್‌ಗಳಲ್ಲಿ ಇರುವ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದರಲ್ಲಿಲ್ಲ, ಅದು ಕಟ್ಟಿಕೊಳ್ಳುವ ತಲೆನೋವೂ ಇಲ್ಲ. ಆದರೆ ಡೀಸೆಲ್ ಗಾಡಿಯಲ್ಲಿ ಒಂದು ಇಂಜೆಕ್ಟರೋ ಟರ್ಬೋನೋ ಕೈಕೊಟ್ಟರೆ ಬರುವ ಬಿಲ್ಲು ಪೆಟ್ರೋಲ್ ಗಾಡಿಯಲ್ಲಿ ಬರುವುದಿಲ್ಲ. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಕೂಡ ಓಡಿಸದವರು ಮೈಲೇಜ್ ಆಸೆಗೆ ಹಳೇ ಡೀಸೆಲ್ ತಂದರೆ ಉಳಿಸಿದ್ದೆಲ್ಲ ಒಂದೇ ರಿಪೇರಿಗೆ ಹೋಗುತ್ತದೆ.

ಮೈಲೇಜ್ ನಿಜವಾಗಿ ಎಷ್ಟು ಕೊಡುತ್ತದೆ?

ಗಾಡಿಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆಯ ಲೆಕ್ಕದಲ್ಲಿ ಪೆಟ್ರೋಲ್ ಲೀಟರಿಗೆ 16.78 ಕಿ.ಮೀ., ಡೀಸೆಲ್ 23.59. ಅದು ಲ್ಯಾಬಿನ ಅಂಕಿ. ಎಸಿ ಹಾಕಿಕೊಂಡು ಊರೊಳಗೆ ಓಡಿಸಿದರೆ ಪೆಟ್ರೋಲ್ 12ರಿಂದ 14, ಹೈವೇಯಲ್ಲಿ 16ರ ಆಸುಪಾಸು. ಡೀಸೆಲ್ ಊರೊಳಗೆ 15ರ ಮೇಲೆ, ಹೈವೇಯಲ್ಲಿ ಸಮಾಧಾನವಾಗಿ ಓಡಿಸಿದರೆ 20 ದಾಟುತ್ತದೆ. ಇದಕ್ಕಿಂತ ತೀರಾ ಕೆಳಗಿದ್ದರೆ ಟೈರ್ ಗಾಳಿ, ಏರ್ ಫಿಲ್ಟರ್, ಹಿಡಿದುಕೊಂಡಿರುವ ಬ್ರೇಕ್, ಇವನ್ನು ಮೊದಲು ನೋಡಿಸಿ.

ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಬೇಕು?

ಬೆಲ್ಟೇ ಇಲ್ಲ. ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸಲು ಎರಡೂ ಎಂಜಿನ್ನಿಗೆ ಇರುವುದು ಟೈಮಿಂಗ್ ಚೈನ್. ಇಷ್ಟು ಕಿಲೋಮೀಟರಿಗೆ ಬದಲಾಯಿಸಲೇಬೇಕು ಅನ್ನುವ ಗಡುವು ಇದಕ್ಕಿಲ್ಲ. ಆದರೆ ಚೈನು ಮತ್ತು ಅದನ್ನು ಬಿಗಿಯಾಗಿಡುವ ಟೆನ್ಷನರ್ ಬದುಕುವುದು ಎಂಜಿನ್ ಆಯಿಲ್ ಮೇಲೆ. ಆಯಿಲ್ ಟಾರಿನ ಥರ ಆಗುವ ತನಕ ಓಡಿಸಿದ ಗಾಡಿಯಲ್ಲಿ ಚೈನ್ ಸಡಿಲವಾಗುತ್ತದೆ. ಬೆಳಗ್ಗೆ ಮೊದಲ ಸ್ಟಾರ್ಟಿನಲ್ಲಿ ಎಂಜಿನ್ ಪಕ್ಕದಿಂದ ಗರಗರ ಸದ್ದು ಬಂದು ಕೆಲವು ಸೆಕೆಂಡಿನಲ್ಲಿ ನಿಂತರೆ ಅನುಮಾನ ಪಡಿ.

(ಹೊರಗಡೆ ಕಾಣುವ ರಬ್ಬರ್ ಬೆಲ್ಟ್ ಆಲ್ಟರ್ನೇಟರ್, ಎಸಿಗೆಲ್ಲ ಇರುವಂಥದ್ದು. ಅದು ಸವೆಯುತ್ತದೆ, ಬದಲಾಯಿಸಬೇಕು. ಅದನ್ನೇ ಟೈಮಿಂಗ್ ಬೆಲ್ಟ್ ಅಂತ ಹೇಳಿ ದುಡ್ಡು ಕೇಳಿದರೆ ಬೇರೆ ಗ್ಯಾರೇಜ್ ನೋಡಿಕೊಳ್ಳಿ.)

ಎರಡು ಲಕ್ಷ ಕಿಲೋಮೀಟರ್ ಓಡಿದೆ. ಎಂಜಿನ್ ಮುಗಿದ ಹಾಗೆಯೇ?

ಇಲ್ಲ. ಸರಿಯಾಗಿ ನೋಡಿಕೊಂಡ ಎಟಿಯೋಸ್‌ಗೆ ಎರಡು ಲಕ್ಷ ಅನ್ನುವುದು ಮಧ್ಯವಯಸ್ಸು. ಮೂರು ಲಕ್ಷ ದಾಟಿಯೂ ಎಂಜಿನ್ ಬಿಚ್ಚದೆ ಓಡುತ್ತಿರುವ ಟ್ಯಾಕ್ಸಿಗಳು ಮೈಸೂರು ರೈಲ್ವೆ ಸ್ಟೇಷನ್ ಮುಂದೆಯೇ ನಿಮಗೆ ಸಿಗುತ್ತವೆ. ಡ್ರೈವರ್‌ಗಳ ಹತ್ತಿರ ಹತ್ತು ನಿಮಿಷ ಮಾತಾಡಿ, ಯಾವ ಜಾಹೀರಾತಿಗಿಂತ ಜಾಸ್ತಿ ವಿಷಯ ತಿಳಿಯುತ್ತದೆ.

ಮೀಟರಿನ ಅಂಕಿಗೆ ನಾನು ಕೊಡುವ ಬೆಲೆ ಬಹಳ ಕಡಿಮೆ. ಒಂದು, ಅದನ್ನು ಹಿಂದಕ್ಕೆ ತಿರುಗಿಸುವುದು ಕಷ್ಟವಲ್ಲ. ಎರಡು, ಅಂಕಿ ನಿಜವೇ ಆಗಿದ್ದರೂ ಅದು ಹೇಗೆ ಓಡಿತು ಅನ್ನುವುದನ್ನು ಹೇಳುವುದಿಲ್ಲ. ಹೈವೇಯಲ್ಲಿ ಒಂದೇ ಸಮನೆ ಎರಡು ಲಕ್ಷ ಓಡಿದ ಎಂಜಿನ್, ಸಂತೇಪೇಟೆ ಸಂದಿಗಳಲ್ಲಿ ಕ್ಲಚ್ ಒತ್ತುತ್ತಾ ಎಂಬತ್ತು ಸಾವಿರ ಓಡಿದ್ದಕ್ಕಿಂತ ಎಷ್ಟೋ ಮೇಲಾಗಿರಬಹುದು. ಮೀಟರ್ ಸುಳ್ಳು ಹೇಳಿದರೂ ಸೀಟು, ಸ್ಟಿಯರಿಂಗ್, ಪೆಡಲ್ ಹೇಳುವುದಿಲ್ಲ. ಕ್ಲಚ್ ಪೆಡಲ್ ರಬ್ಬರಿನ ಒಂದು ಅಂಚು ನುಣ್ಣಗೆ ಸವೆದು ಗೀರುಗಳೇ ಕಾಣದಂತಾಗಿದೆ, ಡ್ರೈವರ್ ಸೀಟಿನ ಬಲಗಡೆಯ ಫೋಮ್ ಕುಸಿದು ಒಳಗಿನ ಕಂಬಿ ತೊಡೆಗೆ ತಾಗುತ್ತದೆ, ಆದರೆ ಮೀಟರ್ ಮಾತ್ರ 62 ಸಾವಿರ ತೋರಿಸುತ್ತಿದೆ. ಅಂಥ ಗಾಡಿಗೆ ನಮಸ್ಕಾರ ಹಾಕಿ ಬನ್ನಿ.

ಯೆಲ್ಲೋ ಬೋರ್ಡ್ ಇದ್ದದ್ದನ್ನು ವೈಟ್ ಬೋರ್ಡ್ ಮಾಡಿಸಿ ಮಾರುತ್ತಿದ್ದಾರೆ. ತಗೋಬಹುದಾ?

ಬಹುದು, ಬೆಲೆಯಲ್ಲಿ ಆ ವ್ಯತ್ಯಾಸ ಕಂಡರೆ. ಟ್ಯಾಕ್ಸಿ ಅಂದ ತಕ್ಷಣ ಮೂಗು ಮುರಿಯಬೇಕಿಲ್ಲ. ಒಬ್ಬನೇ ಮಾಲೀಕ ತಾನೇ ಓಡಿಸಿಕೊಂಡಿದ್ದ ಟ್ಯಾಕ್ಸಿಯ ಎಂಜಿನ್ ಹೆಚ್ಚಾಗಿ ಚೆನ್ನಾಗಿಯೇ ಇರುತ್ತದೆ. ಗಾಡಿ ನಿಂತರೆ ಅವನ ಮನೆಗೆ ದುಡ್ಡಿಲ್ಲ, ಹಾಗಾಗಿ ಆಯಿಲ್ ತಪ್ಪಿಸುವುದಿಲ್ಲ. ಆರೇಳು ಡ್ರೈವರ್‌ಗಳ ಕೈ ಬದಲಾದ ಟ್ರಾವೆಲ್ಸ್ ಗಾಡಿ ಬೇಡ.

ಕಾಗದಪತ್ರದಲ್ಲಿ ಒಂದು ವಿಷಯ. ಬಣ್ಣ ಬಳಿದು ಬೋರ್ಡ್ ಬದಲಾಯಿಸಿದರೆ ಸಾಲದು. ಆರ್‌ಟಿಒದಲ್ಲಿ ಪರ್ಮಿಟ್ ಸರೆಂಡರ್ ಆಗಿ, ಖಾಸಗಿ ಗಾಡಿಯ ತೆರಿಗೆ ಕಟ್ಟಿ, ಆರ್‌ಸಿಯಲ್ಲೇ ವರ್ಗ ಬದಲಾಗಿರಬೇಕು. "ಅದೇನ್ ಆಗಲ್ಲ ಬುಡಿ ಸಾ, ನಾನ್ ಮಾಡಿಸಿಕೊಡ್ತೀನಿ" ಅಂತ ಬ್ರೋಕರ್ ಅಂದರೆ, ಮಾಡಿಸಿಕೊಟ್ಟ ಮೇಲೆ ದುಡ್ಡು ಕೊಡಿ.

ಗಾಡಿ ನೋಡಲು ಹೋದಾಗ ಎಂಜಿನ್ ಹೇಗೆ ಪರೀಕ್ಷೆ ಮಾಡುವುದು?

ಬೆಳಗ್ಗೆ ಹೋಗಿ. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಹೋದಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಲೆಕ್ಕ, ಯಾಕೆಂದರೆ ಎಂಜಿನ್ನಿನ ಅರ್ಧ ಕಾಯಿಲೆ ತಣ್ಣಗಿರುವಾಗ ಮಾತ್ರ ತೋರುತ್ತದೆ.

ಸ್ಟಾರ್ಟ್ ಮಾಡುವ ಮುಂಚೆ ಡಿಪ್‌ಸ್ಟಿಕ್ ಎಳೆದು ನೋಡಿ. ಡೀಸೆಲ್ ಗಾಡಿಯ ಆಯಿಲ್ ಕಪ್ಪಗಿರುವುದು ಸಹಜ, ಅದಕ್ಕೆ ಹೆದರಬೇಡಿ. ಬೆರಳಿನಲ್ಲಿ ಉಜ್ಜಿದಾಗ ಮರಳಿನಂತೆ ತರಿತರಿ ಆದರೆ, ಅಥವಾ ಮಜ್ಜಿಗೆ ಬಣ್ಣ ಬಂದಿದ್ದರೆ ಎದ್ದು ಬನ್ನಿ. ಮಜ್ಜಿಗೆ ಬಣ್ಣ ಅಂದರೆ ಆಯಿಲ್‌ಗೆ ನೀರು ಸೇರಿದೆ, ಎಂಜಿನ್ನಿನ ಬ್ಲಾಕ್ ಮತ್ತು ಮೇಲಿನ ಹೆಡ್ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಜಾಸ್ತಿ.

ಸ್ಟಾರ್ಟ್ ಮಾಡಿಸಿ ಹಿಂದೆ ಹೋಗಿ ನಿಲ್ಲಿ. ಚಳಿಯಲ್ಲಿ ಸ್ವಲ್ಪ ಬಿಳಿ ಆವಿ ಬಂದು ಮಾಯವಾಗುವುದು ಮಾಮೂಲಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿದೆ ಅಂತ ಅನುಮಾನಿಸಿ. ಡೀಸೆಲ್‌ನಲ್ಲಿ ದಟ್ಟ ಕಪ್ಪು ಹೊಗೆ ಬಂದರೆ ಇಂಜೆಕ್ಟರ್, ಟರ್ಬೋ ಪೈಪು, ಇಜಿಆರ್ ಕಡೆ ನೋಡಬೇಕು. ಆಮೇಲೆ ಎಂಜಿನ್ ಐಡಲ್‌ನಲ್ಲಿ ಇರುವಾಗ ಆಯಿಲ್ ಹಾಕುವ ಮುಚ್ಚಳ ನಿಧಾನವಾಗಿ ಸಡಿಲಿಸಿ. ಸ್ವಲ್ಪ ಆವಿ ಆಡಿದರೆ ಪರವಾಗಿಲ್ಲ. ಮುಚ್ಚಳವನ್ನೇ ಎತ್ತುವ ಹಾಗೆ ಪುಸುಪುಸು ಅಂತ ಗಾಳಿ ಹೊಡೆದರೆ ಅದನ್ನೇ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಅನ್ನುವುದು. ಪಿಸ್ಟನ್ ರಿಂಗ್ ಸವೆದಿದೆ, ಎಂಜಿನ್ ಬಿಚ್ಚುವ ಕೆಲಸ ಹತ್ತಿರದಲ್ಲೇ ಇದೆ.

ಕೊನೆಗೆ ಅರ್ಧ ಗಂಟೆ ಓಡಿಸಿ. ಎಸಿ ಹಾಕಿ, ಒಂದು ದಿಬ್ಬ ಹತ್ತಿಸಿ. ಅದಕ್ಕೆ ಒಪ್ಪದವರ ಗಾಡಿ ಬೇಡ.

ಆಯಿಲ್ ಎಷ್ಟು ಕಿಲೋಮೀಟರಿಗೆ ಬದಲಾಯಿಸಲಿ?

ಮ್ಯಾನ್ಯುಯಲ್‌ನಲ್ಲಿ ಬರೆದಿರುವುದನ್ನು ಗರಿಷ್ಠ ಮಿತಿ ಅಂದುಕೊಳ್ಳಿ. ಊರೊಳಗೇ ಸುತ್ತುವ ಹಳೇ ಗಾಡಿಗೆ ಏಳೆಂಟು ಸಾವಿರಕ್ಕೆ ಮಾಡಿಸಿಬಿಡುವುದು ಜಾಣತನ. ಕಿಲೋಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆ ಬೇಕೇ ಬೇಕು. ಜೊತೆಗೆ ಆಯಿಲ್ ಫಿಲ್ಟರ್. ಡೀಸೆಲ್ ಆದರೆ ಫ್ಯೂಯಲ್ ಫಿಲ್ಟರ್‌ನಲ್ಲಿ ಸೇರಿದ ನೀರನ್ನೂ ತೆಗೆಸಿ, ಇಂಜೆಕ್ಟರ್ ಹಾಳಾಗುವುದಕ್ಕೆ ನೀರು ಒಂದು ದೊಡ್ಡ ಕಾರಣ.

ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಿದರೆ ಏನಾಗುತ್ತದೆ?

ಇದೊಂದನ್ನು ದಯವಿಟ್ಟು ಗಮನವಿಟ್ಟು ಓದಿ. ಎಟಿಯೋಸ್ ಎಂಜಿನ್ ಸತ್ತಿದ್ದರೆ ಅದಕ್ಕೆ ಹೆಚ್ಚಿನ ಸಲ ಕಾರಣ ಆಯಿಲ್ ಅಥವಾ ನೀರು.

ಎರಡೂ ಎಂಜಿನ್ನಿನ ಬ್ಲಾಕ್ ಮತ್ತು ಹೆಡ್ ಅಲ್ಯೂಮಿನಿಯಂ. ಹಗುರ, ಬೇಗ ಬಿಸಿಯಾಗುತ್ತದೆ, ಎಲ್ಲ ಸರಿ. ಆದರೆ ಮಿತಿಮೀರಿ ಬಿಸಿಯಾದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಬಿಟ್ಟುಕೊಳ್ಳುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಬೋರ್‌ವೆಲ್ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ಆ ನೀರೇ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಪೊರೆ ಕಟ್ಟುತ್ತದೆ. ನೀರು ಓಡಾಡುವ ದಾರಿ ಕಿರಿದಾಗುತ್ತದೆ, ವಾಟರ್ ಪಂಪ್ ಸೀಲ್ ಸವೆಯುತ್ತದೆ. ಚಳಿಗಾಲದಲ್ಲಿ ಏನೂ ಗೊತ್ತಾಗುವುದಿಲ್ಲ. ಏಪ್ರಿಲ್ ಬಿಸಿಲಿಗೆ, ಐದು ಜನ ಕೂತು, ಎಸಿ ಹಾಕಿಕೊಂಡು ಬೆಟ್ಟ ಹತ್ತುವಾಗ ಕೆಂಪು ಲೈಟ್ ಹತ್ತುತ್ತದೆ.

ಟೊಯೋಟಾ ಕೂಲಂಟ್ ನಸುಗೆಂಪು ಬಣ್ಣದ್ದು. ಗಾಡಿ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಅದೇ ಬಣ್ಣ ಇದ್ದರೆ ಸಂತೋಷ. ಕಾಫಿ ಡಿಕಾಕ್ಷನ್ನಿನಂತೆ ಕಂದಿದ್ದು, ಮುಚ್ಚಳದ ಒಳಗಡೆ ಬೂದಿ ಬಣ್ಣದ ಕೆಸರು ಮೆತ್ತಿಕೊಂಡು, ಹೋಸ್ ಪೈಪಿನ ತುದಿಯಲ್ಲಿ ಸುಣ್ಣದ ಪುಡಿ ಅಂಟಿದ್ದರೆ ವರ್ಷಗಟ್ಟಲೆ ಬರೀ ನೀರು ಕುಡಿಸಿದ್ದಾರೆ ಅಂತ ಅರ್ಥ. ಸಿಸ್ಟಮ್ ಫ್ಲಶ್ ಮಾಡಿಸಿ ಸರಿಯಾದ ಕೂಲಂಟ್ ಹಾಕಿಸಿ. ದಾರಿಯಲ್ಲಿ ಸೋರಿ ಬೇರೆ ದಾರಿ ಇಲ್ಲದಿದ್ದರೆ ನೀರು ಹಾಕಿ ಊರು ಸೇರಿ, ತಪ್ಪಿಲ್ಲ, ಆದರೆ ಅದನ್ನೇ ಒಳಗೆ ಬಿಡಬೇಡಿ. ಕೆಂಪು ಲೈಟ್ ಹತ್ತಿದರೆ ಅಲ್ಲೇ ನಿಲ್ಲಿಸಿ ಆಫ್ ಮಾಡಿ. "ಇನ್ನೆರಡೇ ಕಿಲೋಮೀಟರ್" ಅಂತ ಓಡಿಸಿದರೆ ಅದು ಹೆಡ್ ಕೆಲಸಕ್ಕೆ ದಾರಿ. ಬಿಸಿ ಇರುವಾಗ ಮುಚ್ಚಳ ಮಾತ್ರ ತೆಗೆಯಬೇಡಿ, ಮುಖ ಸುಟ್ಟುಕೊಳ್ಳುತ್ತೀರಿ.

ಎಕ್ಸ್‌ಪ್ರೆಸ್‌ವೇಯಲ್ಲಿ ನೂರರಲ್ಲಿ ಓಡಿಸಬಹುದಾ?

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿನ ಮಿತಿಯೇ 100. ಎಂಜಿನ್ನಿಗೆ ಅದು ಕಷ್ಟವಲ್ಲ. ಗಾಡಿ ಹಗುರ, ಅಡ್ಡ ಗಾಳಿಗೆ ಸ್ವಲ್ಪ ಅಲ್ಲಾಡುತ್ತದೆ, ಒಳಗೆ ಸದ್ದೂ ಜಾಸ್ತಿ. ನಾನು ಹೆದರುವುದು ಹಳೇ ಟೈರಿಗೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಇರುತ್ತದೆ. 2318 ಅಂತಿದ್ದರೆ 2018ರ 23ನೇ ವಾರ ತಯಾರಾದದ್ದು. ಟೈರಿನ ಗುಂಡಿ (ಟ್ರೆಡ್) ಚೆನ್ನಾಗಿದ್ದರೂ ಅಷ್ಟು ಹಳೇ ರಬ್ಬರ್ ಈ ರಸ್ತೆಗೆ ಬೇಡ.

ಡೀಸೆಲ್ ಗಾಡಿಯವರು ಒಂದೇ ಸಮನೆ ಓಡಿಸಿಕೊಂಡು ಬಂದು ಮದ್ದೂರಿನಲ್ಲಿ ವಡೆಗೆ ಇಳಿಯುವಾಗ ತಕ್ಷಣ ಕೀ ತಿರುಗಿಸಬೇಡಿ. ಒಂದು ನಿಮಿಷ ಐಡಲ್ ಬಿಡಿ. ಟರ್ಬೋ ಇನ್ನೂ ಕಾದಿರುತ್ತದೆ, ಎಂಜಿನ್ ನಿಂತರೆ ಅದಕ್ಕೆ ಆಯಿಲ್ ಹೋಗುವುದೂ ನಿಲ್ಲುತ್ತದೆ.

ಚಾಮುಂಡಿ ಬೆಟ್ಟ, ಊಟಿ ಘಾಟ್ ಹತ್ತುತ್ತದೆಯಾ?

ಚಾಮುಂಡಿ ಬೆಟ್ಟ ಲೆಕ್ಕಕ್ಕೇ ಇಲ್ಲ. ಮಸಿನಗುಡಿ ಮೇಲಿನ ಕಲ್ಲಟ್ಟಿ ಘಾಟಿನಲ್ಲಿ 36 ತಿರುವುಗಳಿವೆ. ಪೆಟ್ರೋಲ್ ಗಾಡಿಯನ್ನು 3000 ಆರ್‌ಪಿಎಂ ಆಸುಪಾಸಿನಲ್ಲಿ ಇಟ್ಟುಕೊಂಡರೆ ಆರಾಮ. ಡೀಸೆಲ್‌ನಲ್ಲಿ ತಿರುವಿಗೆ ಮುಂಚೆಯೇ ಗೇರ್ ಇಳಿಸಿ. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ, ಬರೀ ಬ್ರೇಕ್ ನಂಬಿಕೊಳ್ಳಬೇಡಿ.

ಇ20 ಪೆಟ್ರೋಲ್ ಹಾಕಿದರೆ ಎಂಜಿನ್ ಹಾಳಾಗುತ್ತದಾ?

ಇ20 ಅಂದರೆ ಶೇಕಡ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್. ಇದು ಇ20ಗೆ ಅಂತ ಮಾಡಿದ ಎಂಜಿನ್ ಅಲ್ಲ. ಆದರೆ ಬಂಕಿನಲ್ಲಿ ಈಗ ಬೇರೆ ಆಯ್ಕೆ ಎಲ್ಲಿದೆ? ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಬೀಳುತ್ತದೆ, ಅದು ನಿಮ್ಮ ಭ್ರಮೆಯಲ್ಲ. ಎಂಜಿನ್ ರಾತ್ರೋರಾತ್ರಿ ಕೆಡುವುದಿಲ್ಲ. ಹಳೇ ರಬ್ಬರ್ ಹೋಸ್, ಸೀಲ್‌ಗಳ ಮೇಲೆ ಕಣ್ಣಿಡಿ. ಪೆಟ್ರೋಲ್ ವಾಸನೆ ಬಂದರೆ ಅಸಡ್ಡೆ ಬೇಡ. ಎಥೆನಾಲ್ ನೀರಿನ ಅಂಶ ಎಳೆದುಕೊಳ್ಳುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ಗಾಡಿ ನಿಲ್ಲಿಸಬೇಡಿ. ಕಬ್ಬು ಬೆಳೆಯುವ ಮಂಡ್ಯದವರು ಎಥೆನಾಲ್‌ಗೆ ಬೈಯುವುದು ಕಷ್ಟ, ಅದು ಬೇರೆ ಮಾತು.

ಎಂಜಿನ್ ಬಿಟ್ಟರೆ ಏನೇನು ಕೈಕೊಡುತ್ತದೆ?

ದುಡ್ಡು ಖರ್ಚಾಗುವುದು ಅಸಲಿಗೆ ಇಲ್ಲೇ. ಮುಂದಿನ ಲಿಂಕ್ ರಾಡ್, ಲೋವರ್ ಆರ್ಮ್ ಬುಶ್, ಸ್ಟ್ರಟ್ ಮೌಂಟ್. ಹಳ್ಳ ಬಿದ್ದ ರಸ್ತೆಯಲ್ಲಿ ಕಟಕಟ ಅಂದರೆ ಇವೇ. ಕ್ಲಚ್ ಪ್ಲೇಟ್ ಓಡಿಸುವವರ ಕಾಲಿನ ಮೇಲೆ ಹೋಗುತ್ತದೆ. ದಸರಾ ಟ್ರಾಫಿಕ್ಕಿನಲ್ಲಿ ಅರ್ಧ ಕ್ಲಚ್ಚಲ್ಲೇ ನಿಂತವರಿಗೆ ಬೇಗ. ಹಳೇ ಗಾಡಿಗಳಲ್ಲಿ ಎಸಿ ಕಂಡೆನ್ಸರ್ ಸೋರುವುದೂ ಇದೆ. ಬಾಡಿ ಶೀಟ್ ತೆಳು, ಬಾಗಿಲು ಹಾಕಿದರೆ ಡಬ್ಬದ ಸದ್ದು, ಅದಕ್ಕೆ ಮದ್ದಿಲ್ಲ. ಮೊದಲ ವರ್ಷಗಳ ಕೆಳಗಿನ ವೇರಿಯೆಂಟ್‌ಗಳಲ್ಲಿ ಏರ್‌ಬ್ಯಾಗೇ ಇರಲಿಲ್ಲ. ಮನೆಮಂದಿಯನ್ನು ಕೂರಿಸಿಕೊಂಡು ಹೋಗುವವರು ಇರುವ ಗಾಡಿಯನ್ನೇ ಹುಡುಕಿ.

ಇಲಿ ವೈರ್ ಕಡಿದಿದೆ. ಏನು ಮಾಡಲಿ?

ಗದ್ದೆ ಪಕ್ಕದ ಮನೆಯವರೆಲ್ಲರ ಗೋಳು ಇದು, ಎಟಿಯೋಸ್ ಒಂದರದ್ದಲ್ಲ. ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಯ ಇಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಬಾನೆಟ್ ಒಳಗೆ ಬರುತ್ತದೆ. ಇಂಜೆಕ್ಟರಿನದೋ ಸೆನ್ಸರಿನದೋ ವೈರ್ ಕಡಿದರೆ ಚೆಕ್ ಎಂಜಿನ್ ಲೈಟ್ ಹತ್ತಿ ಗಾಡಿ ಜರ್ಕ್ ಹೊಡೆಯುತ್ತದೆ. ಕಡಿದ ಜಾಗಕ್ಕೆ ಬೆಸುಗೆ ಹಾಕಿ ಸ್ಲೀವ್ ಏರಿಸಿದರೆ ಸಾಕಾಗುತ್ತದೆ, ಪೂರ್ತಿ ವೈರಿಂಗ್ ಬದಲಾಯಿಸಬೇಕು ಅಂದರೆ ಇನ್ನೊಬ್ಬ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಹುಲ್ಲಿನ ಮೆದೆ ಪಕ್ಕ ನಿಲ್ಲಿಸಬೇಡಿ. ಕೆಲವರು ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟುತ್ತಾರೆ. ದಿನಾ ಗಾಡಿ ತೆಗೆಯುವುದೇ ಅದಕ್ಕಿಂತ ಒಳ್ಳೆಯ ಉಪಾಯ.

ಹದಿನೈದು ವರ್ಷ ಆದಮೇಲೆ ಗುಜರಿಗೆ ಹಾಕಲೇಬೇಕಾ?

ಬೇಡ. ಡೀಸೆಲ್‌ಗೆ ಹತ್ತು ವರ್ಷ ಅನ್ನುವುದು ದೆಹಲಿ ಸುತ್ತಲಿನ ಕಥೆ, ನಮ್ಮ ಕಡೆ ಅದಿಲ್ಲ. ಕರ್ನಾಟಕದಲ್ಲಿ ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆರ್‌ಟಿಒದಲ್ಲಿ ಗಾಡಿ ತೋರಿಸಿ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿದರೆ ಮತ್ತೆ 5 ವರ್ಷ. 2022ರ ಏಪ್ರಿಲ್‌ನಿಂದ ಕಾರಿನ ಆರ್‌ಸಿ ನವೀಕರಣದ ಶುಲ್ಕ 5000 ರೂಪಾಯಿಗೆ ಏರಿತು, ಹಸಿರು ತೆರಿಗೆ ಬೇರೆ. 2010-11ರ ಗಾಡಿ ಕೊಳ್ಳುವವರು ಈ ಖರ್ಚನ್ನು ಬೆಲೆ ಮಾತಾಡುವಾಗಲೇ ಎತ್ತಿ. ಕೆಎ-09, ಕೆಎ-55, ಕೆಎ-11, ಯಾವುದೇ ಇರಲಿ, ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿದೆಯೇ ಅಂತ ನೋಡಿ.

ಸ್ಪೇರ್ ಪಾರ್ಟ್ಸ್ ಸಿಗುತ್ತವಾ?

ಸಿಗುತ್ತವೆ. ಟ್ಯಾಕ್ಸಿ ಇಷ್ಟು ಓಡುತ್ತಿರುವಾಗ ಅಂಗಡಿಯವರು ಇಡದೆ ಇರುತ್ತಾರೆಯೇ?

ಸರ್ವಿಸ್ ರೆಕಾರ್ಡ್ ಇಲ್ಲ ಅನ್ನುತ್ತಿದ್ದಾರೆ. ಬಿಟ್ಟುಬಿಡಲಾ?

ಬಿಡಬೇಕಿಲ್ಲ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಮಾಡಿಸಿದ್ದರೆ ಅಲ್ಲಿನ ಕಂಪ್ಯೂಟರಿನಲ್ಲಿ ಇರುತ್ತದೆ. ಮಾಲೀಕರನ್ನೇ ಕರೆದುಕೊಂಡು ಹೋಗಿ ಕೇಳಿ, ಕಿಲೋಮೀಟರ್ ಸುಳ್ಳೂ ಅಲ್ಲೇ ಬಯಲಾಗುತ್ತದೆ. ಹೊರಗಡೆ ಮಾಡಿಸಿದ್ದರೆ ಯಾವ ಗ್ಯಾರೇಜ್ ಅಂತ ಕೇಳಿ ಆ ಮೆಕ್ಯಾನಿಕ್‌ಗೆ ಒಂದು ಫೋನ್ ಹಾಕಿ. ಎರಡೂ ಇಲ್ಲ, ಆದರೂ ಎಂಜಿನ್ ಮನಸ್ಸಿಗೆ ಬಂದಿದೆ ಅಂದರೆ ಎಂಜಿನ್ ಆಯಿಲ್, ಗೇರ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್, ಎಲ್ಲ ಫಿಲ್ಟರ್‌ಗಳು, ಪೆಟ್ರೋಲ್ ಆದರೆ ಪ್ಲಗ್ಗುಗಳು, ಇಷ್ಟೂ ಒಂದೇ ಸಲ ಬದಲಾಯಿಸಲು ಎಷ್ಟಾಗುತ್ತದೆ ಅಂತ ನಿಮ್ಮ ಮೆಕ್ಯಾನಿಕ್ ಹತ್ತಿರ ಬರೆಸಿಕೊಳ್ಳಿ. ಆ ಚೀಟಿಯನ್ನು ಮಾರುವವರ ಮುಂದೆ ಇಟ್ಟು ಅಷ್ಟನ್ನು ಬೆಲೆಯಲ್ಲಿ ಕಳೆಯಲು ಹೇಳಿ.